ಆಮದು ಯಂತ್ರವಿಲ್ಲದೆ ನಾಲ್ಕು ಗಂಟೆ ಉಳಿದ ಶ್ವಾಸಕೋಶ

ಹೊರತೆಗೆದ ಹಂದಿಯ ಶ್ವಾಸಕೋಶವನ್ನು 37 ಡಿಗ್ರಿಯಲ್ಲಿ, ನಾವೇ ಜೋಡಿಸಿದ ಸರ್ಕ್ಯೂಟಿನ (ಪಂಪ್, ನಳಿಕೆ, ಆಕ್ಸಿಜನೇಟರ್, ವೆಂಟಿಲೇಟರ್‌ಗಳ ಜೋಡಣೆ) ಮೇಲೆ ನಾಲ್ಕು ಗಂಟೆ ಕೆಡದಂತೆ ಉಳಿಸಿಕೊಳ್ಳುತ್ತಿದ್ದೇವೆ. ಈಗ ಹತ್ತರಲ್ಲಿ ಏಳೆಂಟು ಸಲ ಗೆಲ್ಲುತ್ತೇವೆ. ಕೊನೆಯಲ್ಲಿ ಪೂರ್ತಿ ಆಮ್ಲಜನಕ ಕೊಟ್ಟಾಗ ಹೊರಬರುವ ದ್ರಾವಣದಲ್ಲಿ ಆಮ್ಲಜನಕದ ಒತ್ತಡ (ಪಿಒ2) ನಾನೂರು ಮಿ.ಮೀ. ಪಾದರಸ ದಾಟುತ್ತದೆ. ಕೋಟಿ ರೂಪಾಯಿಯ ಯಂತ್ರ ತರಿಸದೆ ಇದು ಸಾಧ್ಯವಿಲ್ಲ ಎಂದು ಹಿರಿಯ ಸಹೋದ್ಯೋಗಿಗಳು ಮುಖಕ್ಕೇ ಹೇಳಿದ್ದರು. ನಮಗೆ ಖರ್ಚಾದದ್ದು ನಾಲ್ಕೈದು ಲಕ್ಷ.

ಸ್ವೀಡನ್ನಿನ ಲುಂಡ್‌ನ ಶಸ್ತ್ರಚಿಕಿತ್ಸಕ ಸ್ಟಿಗ್ ಸ್ಟೀನ್ 2000ದಲ್ಲಿ ಹೀಗೆ ದೇಹದ ಹೊರಗೆ ಪರೀಕ್ಷಿಸಿದ ಶ್ವಾಸಕೋಶವನ್ನು ಕಸಿ ಮಾಡಿ ತೋರಿಸಿದ್ದರು. ನಾವು ಹಿಡಿದದ್ದು ಟೊರೊಂಟೊ ಕ್ರಮ: ಕೆಂಪು ರಕ್ತಕಣವಿಲ್ಲದ ದ್ರಾವಣ, ಹೃದಯ ನಿಮಿಷಕ್ಕೆ ಹರಿಸುವುದರ ಶೇ. 40ರಷ್ಟು ಹರಿವು, ಪ್ರತಿ ಉಸಿರಿಗೆ ದೇಹತೂಕದ ಕೆಜಿಗೆ 7 ಮಿ.ಲೀ. ಗಾಳಿ, ನಿಮಿಷಕ್ಕೆ ಏಳು ಉಸಿರು.

ಮೊದಲ ವರ್ಷವೆಲ್ಲ ಸೋಲು. ಶ್ವಾಸಕೋಶ ಬರುತ್ತಿದ್ದದ್ದು ಹಂದಿ ಮಾಂಸದಂಗಡಿಯಿಂದ. ಕತ್ತು ಕೊಯ್ದಾಗ ರಕ್ತ ಶ್ವಾಸನಾಳಕ್ಕೆ ಇಳಿದಿರುತ್ತದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಟ್ಟಿರುವುದಿಲ್ಲ. ಶ್ವಾಸಕೋಶಕ್ಕೆ ರಕ್ತ ಒಯ್ಯುವ ಪಲ್ಮನರಿ ಅಪಧಮನಿಯಿಂದ ಎಷ್ಟು ತೊಳೆದರೂ ಕೆಳಹಾಲೆ (ಶ್ವಾಸಕೋಶದ ಕೆಳಗಿನ ಭಾಗ) ಕಂದು ಬಣ್ಣ ಬಿಡಲಿಲ್ಲ. ರಕ್ತವನ್ನು ಹೃದಯಕ್ಕೆ ಮರಳಿಸುವ ಪಲ್ಮನರಿ ಅಭಿಧಮನಿಗಳಿಂದ ಹಿಮ್ಮುಖವಾಗಿ ತೊಳೆದ ದಿನವೇ ಕಾರಣ ಕಣ್ಣಿಗೆ ಬಿತ್ತು: ಅಪಧಮನಿಯ ಬಾಯಿಯಿಂದ ಎಳೆ ಎಳೆಯಾಗಿ ಕಪ್ಪು ಹೆಪ್ಪುಗಳು ಹೊರಬಂದವು, ಮುದುಡಿದ್ದ ಹಾಲೆ ಬೆಳ್ಳಗಾಯಿತು. ಅಂದಿನಿಂದ ಎರಡೂ ಕಡೆಯ ತೊಳೆತ ಕಡ್ಡಾಯ. ಅಂಗಡಿಯವರಿಗೂ ಒಂದು ಕೆಲಸ ಕಲಿಸಿದೆವು. ಶ್ವಾಸನಾಳವನ್ನು ಯಾವಾಗ, ಎಲ್ಲಿ ಕಟ್ಟಬೇಕು ಎಂಬುದು ನಮ್ಮ ಪ್ರಬಂಧ ಅಚ್ಚಾಗುವವರೆಗೆ ನಮ್ಮಲ್ಲೇ ಇರಲಿ.

ಮುಂದಿನ ಶತ್ರು ಊತ, ಅಂದರೆ ಶ್ವಾಸಕೋಶದಲ್ಲಿ ನೀರು ತುಂಬುವುದು. ಗಂಟೆ ತುಂಬುವ ಮೊದಲೇ ನಳಿಕೆಯಲ್ಲಿ ಗುಲಾಬಿ ನೊರೆ ಏರಿ ಬರುತ್ತಿತ್ತು. ತೂಕ ನೋಡಿದರೆ ಒಂದೂವರೆ ಪಟ್ಟು. ಹಳೆಯ ಹಾರ್ಟ್-ಲಂಗ್ ಯಂತ್ರದ ರೋಲರ್ ಪಂಪ್ ಬಿಟ್ಟು ಸೆಕೆಂಡ್ ಹ್ಯಾಂಡ್ ಸೆಂಟ್ರಿಫ್ಯೂಗಲ್ ಪಂಪ್ ಕೊಂಡೆವು. ಒಟ್ಟು ಖರ್ಚಿನ ಅರ್ಧ ಅದಕ್ಕೇ ಹೋಯಿತು, ಆದರೂ ನೊರೆ ಪೂರ್ತಿ ನಿಲ್ಲಲಿಲ್ಲ. ನಿಂತದ್ದು ಬಿಸಿ ಮಾಡುವ ವೇಗ ತಗ್ಗಿಸಿದಾಗ. ಅರ್ಧ ಗಂಟೆಯಲ್ಲಿ 37 ಮುಟ್ಟಿಸುವುದು ಟೊರೊಂಟೊದವರ ಲೆಕ್ಕ. ಅವರ ಶ್ವಾಸಕೋಶಗಳು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಶುದ್ಧವಾಗಿ ತೆಗೆದಂಥವು. ನಮ್ಮವಕ್ಕೆ ಒಂದು ಗಂಟೆಗೂ ಹೆಚ್ಚು ಬೇಕು. 32 ಡಿಗ್ರಿ ದಾಟುವವರೆಗೆ ವೆಂಟಿಲೇಟರ್ ಮುಟ್ಟುವುದಿಲ್ಲ, ಹರಿವನ್ನು ನಿಮಿಷಕ್ಕೆ ಎರಡು ಲೀಟರಿಗೆ ಒಯ್ಯಲು ಆತುರಪಡುವುದಿಲ್ಲ. ಎಡ ಹೃತ್ಕರ್ಣದ ಒತ್ತಡ ಮೂರರಿಂದ ಐದು ಮಿ.ಮೀ. ಪಾದರಸದೊಳಗೇ ಇರಬೇಕು. ಅದು ಸೊನ್ನೆಗಿಳಿದರೆ ಅಭಿಧಮನಿಗಳು ಕುಸಿದು ಎಲ್ಲ ಶ್ರಮ ನೀರುಪಾಲು.

ದ್ರಾವಣದ ದುಡ್ಡಿನ ಮಾತು. ಆಮದು ದ್ರಾವಣವಾದರೆ ಒಂದೊಂದು ಪ್ರಯೋಗಕ್ಕೂ ಲಕ್ಷದ ಆಸುಪಾಸು. ಅದರ ಜೀವಾಳ ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ಮತ್ತು ಡೆಕ್ಸ್‌ಟ್ರಾನ್ (ಸಕ್ಕರೆಯ ಉದ್ದನೆಯ ಅಣು). ಎರಡು ಲೀಟರಿಗೆ ಶೇ. 20ರ ಆಲ್ಬುಮಿನ್ ಏಳು ಬಾಟಲಿ ಬೇಕು. ಕೊಂಡರೆ ನಲವತ್ತು ಸಾವಿರದ ಹತ್ತಿರ. ಅವಧಿ ಮೀರಿದ ಬಾಟಲಿಗಳನ್ನು ಔಷಧ ವಿಭಾಗದಿಂದ ಲಿಖಿತ ಅನುಮತಿ ಪಡೆದು ತಂದೆವು. ಪ್ರಾಣಿ ಅಂಗದ ಪ್ರಯೋಗಕ್ಕೆ ಇದು ಸಾಕು, ಮನುಷ್ಯರಿಗೆ ಖಂಡಿತ ಸಲ್ಲದು. ಬೆರೆಸುವ ಅನುಕ್ರಮ ತಪ್ಪಿದರೆ ದ್ರಾವಣ ಮಬ್ಬಾಗುತ್ತದೆ. ನಮ್ಮ ಅನುಕ್ರಮ ಬೇಕಾದವರು ಪ್ರಯೋಗಾಲಯಕ್ಕೇ ಬಂದು ನೋಡಲಿ. ದ್ರಾವಣದಲ್ಲಿನ ಅನಿಲಗಳನ್ನು ಹದಗೊಳಿಸುವ ಆಕ್ಸಿಜನೇಟರಿಗೆ ಬೇಕಾದ ಬೆರಕೆ ಅನಿಲ (ಶೇಕಡಾವಾರು ಸಾರಜನಕ 86, ಇಂಗಾಲದ ಡೈಆಕ್ಸೈಡ್ 8, ಆಮ್ಲಜನಕ 6) ತುಂಬಿಕೊಡುವವರು ಸಿಗಲು ತಿಂಗಳುಗಳೇ ಹಿಡಿದವು.

ನಡುವೆ ಇನ್ನೊಂದರ ಬೆನ್ನು ಹತ್ತಿದೆವು. ಮಂಜುಗಡ್ಡೆಯ 4 ಡಿಗ್ರಿಗಿಂತ 10 ಡಿಗ್ರಿಯಲ್ಲಿ ಇಟ್ಟ ಶ್ವಾಸಕೋಶ ಹೆಚ್ಚು ಹೊತ್ತು ಚೆನ್ನಾಗಿರುತ್ತದೆ ಎಂದು ಟೊರೊಂಟೊ ತಂಡ 2021ರಲ್ಲಿ ಪ್ರಕಟಿಸಿತ್ತು. ಸಣ್ಣ ಫ್ರಿಜ್ಜಿಗೆ ಎರಡು ಸಾವಿರ ರೂಪಾಯಿಯ ಥರ್ಮೋಸ್ಟಾಟ್ ಕಟ್ಟಿ, ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಸರ್ಕ್ಯೂಟಿಗೆ ಏರಿಸಿದೆವು. ಹಲವು ಸಲ 10 ಡಿಗ್ರಿಯಲ್ಲಿಟ್ಟವೇ ಮೇಲುಗೈ ಸಾಧಿಸಿದವು. ದಾನಿಯ ಶ್ವಾಸಕೋಶಕ್ಕೆ ಆರು ಗಂಟೆಯ ಗಡುವು ನಂಬಿ ನಡುರಾತ್ರಿ ಓಡುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಆದರೆ ನಮ್ಮ ಸಂಖ್ಯೆ ಕಡಿಮೆ. ಅದನ್ನು ಬೇರೆಯಾಗಿ, ಸರಿಯಾಗಿ ಮಾಡಬೇಕು.

ಈಗ ನೈತಿಕ ಸಮಿತಿಯ ಮುಂದೆ ಅರ್ಜಿ ಇದೆ: ಕಸಿಗೆ ಯೋಗ್ಯವಲ್ಲವೆಂದು ಕೈಬಿಟ್ಟ ದಾನಿ ಶ್ವಾಸಕೋಶಗಳನ್ನು, ಕುಟುಂಬದ ಒಪ್ಪಿಗೆಯಿದ್ದರೆ, ಹೊಸ ಸಾಮಗ್ರಿಯ ಸರ್ಕ್ಯೂಟಿನ ಮೇಲೆ ಪರೀಕ್ಷಿಸಲು ಮಾತ್ರ. ಅಷ್ಟರೊಳಗೆ ಎಡ ಕೆಳಹಾಲೆಯ ಹಿಂಬದಿ ಮೂರನೇ ಗಂಟೆಗೆ ಭಾರವಾಗುವುದನ್ನು ನಿಲ್ಲಿಸಬೇಕು. ಮುಂದಿನ ವಾರದಿಂದ ಶ್ವಾಸಕೋಶವನ್ನು ಬೋರಲು ಮಲಗಿಸಿ ನೋಡುತ್ತೇವೆ.