ಹಳೆಯ ಕಾರಿನ ದೋಷ, ವಾರಂಟಿಯ ತಕರಾರು: ಮೊದಲ ದಿನದಿಂದ ಗ್ರಾಹಕ ಆಯೋಗದವರೆಗೆ

ಹಳೆಯ ಕಾರು ಕೊಂಡು ತಿಂಗಳು ತುಂಬುವ ಮೊದಲೇ ಇಂಜಿನ್ ಬಿಸಿಯಾಗತೊಡಗಿದರೆ ಅಥವಾ ಗೇರ್ ಬೀಳದೇ ಹೋದರೆ, ಬಹಳ ಮಂದಿ ಮೊದಲು ಪರಿಚಯದ ಮೆಕ್ಯಾನಿಕ್ ಹತ್ತಿರ ಹೋಗಿ ಬಿಚ್ಚಿಸುತ್ತಾರೆ, ಆಮೇಲೆ ಮಾರಿದವರ ಅಂಗಡಿಯ ಮುಂದೆ ನಿಂತು ವಾದಿಸುತ್ತಾರೆ, ಕಾಗದಪತ್ರಗಳನ್ನು ಎಲ್ಲಕ್ಕಿಂತ ಕೊನೆಗೆ ತೆಗೆದು ನೋಡುತ್ತಾರೆ. ಪರಿಹಾರ ಸಿಗಬೇಕಾದರೆ ಈ ಕ್ರಮ ತಿರುವುಮುರುವಾಗಬೇಕು. ಕಾಗದದ ಮೇಲೆ ಮಾರಾಟಗಾರ ಯಾರು, ಅವರು ಏನು ಬರೆದುಕೊಟ್ಟಿದ್ದಾರೆ, ದೋಷ ಕಂಡ ದಿನದಿಂದ ನೀವು ಯಾವ ದಾಖಲೆ ಇಟ್ಟುಕೊಂಡಿದ್ದೀರಿ ಎಂಬುದರ ಮೇಲೆಯೇ ಇಂಥ ತಕರಾರುಗಳು ಇತ್ಯರ್ಥವಾಗುತ್ತವೆ.

ಮಾರಿದವರು ಯಾರು?

ಬಳ್ಳಾರಿ, ಗಂಗಾವತಿ, ಸಿಂಧನೂರು, ರಾಯಚೂರಿನಂಥ ಊರುಗಳಲ್ಲಿ ಹಳೆಯ ಕಾರು ಸಾಮಾನ್ಯವಾಗಿ ಮೂರು ದಾರಿಯಲ್ಲಿ ಕೈ ಬದಲಾಗುತ್ತದೆ. ಮಾಲೀಕರಿಂದ ನೇರವಾಗಿ, ಆಟೋ ಕನ್ಸಲ್ಟೆನ್ಸಿಯ ಮೂಲಕ, ಇಲ್ಲವೇ ಕಂಪನಿಯ ಹಳೆಯ ಕಾರುಗಳ ಶೋರೂಂ ಅಥವಾ ಆನ್‌ಲೈನ್ ಮಾರಾಟ ಸಂಸ್ಥೆಯಿಂದ. ನಿಮ್ಮ ಹಕ್ಕು ಈ ಮೂರರಲ್ಲಿ ಒಂದೇ ತೆರನಾಗಿರುವುದಿಲ್ಲ.

ಕಾರು ಮಾರುವುದು ಕಸುಬಲ್ಲದ ಖಾಸಗಿ ಮಾಲೀಕರೊಬ್ಬರಿಂದ ಕೊಂಡಿದ್ದರೆ ಗ್ರಾಹಕ ಆಯೋಗದ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ, ಏಕೆಂದರೆ ಅವರು ವ್ಯಾಪಾರಿಯಲ್ಲ. ಅಲ್ಲಿ ನೆರವಿಗೆ ಬರುವುದು 1872ರ ಕರಾರು ಕಾಯ್ದೆ ಮತ್ತು 1930ರ ಸರಕು ಮಾರಾಟ ಕಾಯ್ದೆ. ನೋಡಿಕೊಂಡು ಕೊಳ್ಳುವ ಹೊಣೆ ಕೊಳ್ಳುವವರದೇ ಎಂಬ ನಿಯಮ ಅಲ್ಲಿ ಬಲವಾಗಿದ್ದರೂ, ಮಾಲೀಕರು ಸುಳ್ಳು ಹೇಳಿಯೋ ವಂಚಿಸಿಯೋ ಮಾರಿದ್ದು ಸಾಬೀತಾದರೆ ವ್ಯವಹಾರವನ್ನು ರದ್ದುಪಡಿಸಲು ಅಥವಾ ನಷ್ಟ ತುಂಬಿಕೊಡುವಂತೆ ಕೇಳಲು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ಇದಕ್ಕೆ ಮೂರು ವರ್ಷಗಳ ಕಾಲಮಿತಿಯಿದೆ.

ಹೆಚ್ಚು ತೊಡಕಿರುವುದು ಎರಡನೆಯ ದಾರಿಯಲ್ಲಿ. ಕಾರು ನಿಂತದ್ದು ಕನ್ಸಲ್ಟೆನ್ಸಿಯ ಅಂಗಳದಲ್ಲಿ, ಬೆಲೆ ಕುದುರಿದ್ದು ಅವರ ಜೊತೆ, ಹಣ ಎಣಿಸಿಕೊಂಡವರೂ ಅವರೇ. ಆದರೆ ಮಾಲೀಕತ್ವ ವರ್ಗಾವಣೆಯ ಅರ್ಜಿಗಳಾದ ಫಾರ್ಮ್ 29 ಮತ್ತು 30ರಲ್ಲಿ ಸಹಿ ಇರುವುದು ನೀವು ಮುಖವನ್ನೇ ನೋಡಿರದ ಹಳೆಯ ಮಾಲೀಕರದು, ಬಿಲ್ ಮಾತ್ರ ಇಲ್ಲವೇ ಇಲ್ಲ. ಇಂಜಿನ್ ಕೆಟ್ಟಾಗ ಬರುವ ಮೊದಲ ಉತ್ತರ, ‘ನಾವು ಬರೀ ನಡುವೆ ನಿಂತವರು, ನಮಗೆ ಕಮಿಷನ್ ಬಿಟ್ಟರೆ ಬೇರೇನಿಲ್ಲ’ ಎಂಬುದು. ಈ ಮಾತನ್ನು ಸುಳ್ಳಾಗಿಸುವ ಕಾಗದ ನಿಮ್ಮ ಬಳಿ ಇರಬೇಕು: ಅಂಗಡಿಯ ಖಾತೆಗೆ ಹಣ ಕಳುಹಿಸಿದ ಬ್ಯಾಂಕ್ ವಿವರ, ಮುಂಗಡ ಕೊಟ್ಟ ರಸೀದಿ, ಮೊಹರಿರುವ ಡೆಲಿವರಿ ನೋಟ್, ಅವರು ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಾಕಿದ್ದ ಜಾಹೀರಾತಿನ ಸ್ಕ್ರೀನ್‌ಶಾಟ್. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಪ್ರಕಾರ, ನೋಂದಾಯಿತ ವಾಹನಗಳ ವ್ಯಾಪಾರ ಮಾಡುವ ಡೀಲರು ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆಯಬೇಕು. ಮಾಲೀಕರು ತಮಗೆ ವಾಹನ ಒಪ್ಪಿಸಿದ್ದನ್ನು ಫಾರ್ಮ್ 29ಸಿ ಮೂಲಕ ತಿಳಿಸಿದ ಮೇಲೆ ಆ ಡೀಲರೇ ವಾಹನದ ಮಾಲೀಕರೆಂದು ಪರಿಗಣಿತರಾಗುತ್ತಾರೆ. ಅಂಗಡಿಯವರ ಬಳಿ ಈ ಅಧಿಕಾರಪತ್ರ ಇದೆಯೇ ಎಂದು ಲಿಖಿತವಾಗಿ ಕೇಳಿ. ಇದ್ದರೆ ನಡುವಿನವರೆಂಬ ವಾದ ಸಡಿಲವಾಗುತ್ತದೆ. ಇಲ್ಲದಿದ್ದರೆ ಅದನ್ನೇ ದೂರಿನಲ್ಲಿ ಬರೆಯಬಹುದು.

ಗಾಡಿ ನಿಲ್ಲಿಸಿ, ಬಿಚ್ಚಿಸಬೇಡಿ

ದೋಷ ಕಂಡ ಕೂಡಲೇ ಓಡಿಸುವುದನ್ನು ನಿಲ್ಲಿಸುವುದು ಇಡೀ ಪ್ರಕರಣದ ಅತ್ಯಂತ ಮುಖ್ಯ ಹೆಜ್ಜೆ. ನಮ್ಮ ಭಾಗದಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುವುದರಿಂದ ಕೂಲಿಂಗ್ ವ್ಯವಸ್ಥೆಯ ಹುಳುಕು ಬೇಗ ಬಯಲಾಗುತ್ತದೆ. ಚಳಿಗಾಲದಲ್ಲಿ ಕೊಂಡ ಕಾರು ಏಪ್ರಿಲ್‌ನಲ್ಲಿ ಬಿಸಿಯಾಗುವುದಕ್ಕೆ ಕಾರಣವೂ ಇದೇ. ಉಷ್ಣದ ಮುಳ್ಳು ಕೆಂಪು ಗೆರೆ ಮುಟ್ಟಿದರೆ ಇಂಜಿನ್ ಆರಿಸಿ, ಪೂರ್ತಿ ತಣ್ಣಗಾಗುವವರೆಗೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ತಣ್ಣಗಾದ ಮೇಲೆ ಇಂಜಿನ್ ಆಯಿಲ್ ಹಾಕುವ ಜಾಗದ ಮುಚ್ಚಳ ತಿರುಗಿಸಿ ಅದರ ಒಳಮೈ ನೋಡಿ. ಹಾಲು ಹೆಚ್ಚಾದ ಚಹಾದ ಬಣ್ಣದ ಜಿಗುಟು ಕೆನೆ ದಪ್ಪಗೆ ಅಂಟಿದ್ದರೆ, ಡಿಪ್‌ಸ್ಟಿಕ್‌ನಲ್ಲೂ ಅದೇ ಬಣ್ಣ ಕಂಡರೆ, ಇಂಜಿನ್ ತಣಿಸುವ ದ್ರವವಾದ ಕೂಲಂಟ್, ಆಯಿಲ್‌ಗೆ ಸೇರುತ್ತಿದೆ ಎಂದರ್ಥ. ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಸೀಲು) ಹೋಗಿರುವ ಸಂಭವ ಹೆಚ್ಚು. ಇದೇ ಸ್ಥಿತಿಯಲ್ಲಿ ‘ಕೊಪ್ಪಳದವರೆಗೆ ಹೇಗೋ ಹೋಗಿಬಿಡೋಣ’ ಎಂದು ಓಡಿಸಿದರೆ ಹೆಡ್ ಬಾಗಿ ಖರ್ಚು ಹಲವು ಪಟ್ಟಾಗುವುದಲ್ಲದೆ, ನಿಮ್ಮ ಅಜಾಗರೂಕತೆಯಿಂದಲೇ ಕೆಟ್ಟಿತು ಎಂಬ ವಾದವನ್ನು ನೀವೇ ಅವರ ಕೈಗೆ ಕೊಟ್ಟಂತಾಗುತ್ತದೆ. ವಿಮೆಯಲ್ಲಿ ರಸ್ತೆಬದಿಯ ನೆರವಿನ ಸೌಲಭ್ಯ ಇದೆಯೇ ನೋಡಿ, ಟೋಯಿಂಗ್ ಮಾಡಿಸಿ, ರಸೀದಿ ಇಟ್ಟುಕೊಳ್ಳಿ.

ಮೀಟರಿನ ಕಿಲೋಮೀಟರ್, ಉರಿಯುತ್ತಿರುವ ಎಚ್ಚರಿಕೆಯ ದೀಪ, ಸೈಲೆನ್ಸರಿನ ಹೊಗೆ, ಸೋರಿಕೆಯ ಕಲೆ ಎಲ್ಲದರ ಫೋಟೊ ಮತ್ತು ವಿಡಿಯೊ ತೆಗೆದುಕೊಳ್ಳಿ. ಅದೇ ದಿನ ಮಾರಿದವರಿಗೆ ಫೋನ್ ಮಾಡಿದರೆ ಸಾಲದು, ಬರಹದಲ್ಲಿ ತಿಳಿಸಬೇಕು. ಬೈಗುಳವಿಲ್ಲದ ನಾಲ್ಕು ಸಾಲು ಸಾಕು: ‘ತಮ್ಮಿಂದ ಇಂಥ ದಿನ ಕೊಂಡ ಇಂಥ ಸಂಖ್ಯೆಯ ಕಾರು ಇಂದು ಇಷ್ಟು ಕಿಲೋಮೀಟರಿಗೆ ಇಂಥ ಕಡೆ ಬಿಸಿಯಾಗಿ ನಿಂತಿದೆ. ಓಡಿಸುವುದನ್ನು ನಿಲ್ಲಿಸಿದ್ದೇನೆ. ಬಿಚ್ಚುವ ಮೊದಲು ತಾವು ಅಥವಾ ತಮ್ಮವರು ಬಂದು ಪರಿಶೀಲಿಸಬೇಕು. ಮೂರು ದಿನದೊಳಗೆ ಬಾರದಿದ್ದರೆ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ತೋರಿಸುತ್ತೇನೆ.’ ಈ ಸಂದೇಶ ಇರುವ ಫೋನನ್ನು ಪ್ರಕರಣ ಮುಗಿಯುವವರೆಗೆ ಬದಲಾಯಿಸದಿರುವುದು ಒಳ್ಳೆಯದು.

ದೋಷ ಮೊದಲೇ ಇತ್ತೆಂದು ತೋರಿಸುವುದು

ಕಾರು ಕೆಟ್ಟಿದೆ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಮಾರುವ ದಿನವೇ ಕೆಟ್ಟಿತ್ತೆ ಎಂಬುದು ಪ್ರಶ್ನೆ, ಅದನ್ನು ಸಾಬೀತು ಮಾಡುವ ಹೊಣೆ ದೂರುದಾರರದು. ಆರ್‌ಸಿಯೊಂದಿಗೆ ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ ಹಳೆಯ ಸರ್ವಿಸ್ ದಾಖಲೆಗಳನ್ನು ಕೇಳಿ. ಎರಡು ವರ್ಷದ ಹಿಂದಿನ ಸರ್ವಿಸ್‌ನಲ್ಲಿ 71,000 ಎಂದಿದ್ದು, ಈಗ ನಿಮ್ಮ ಮೀಟರ್ 48,000 ತೋರಿಸುತ್ತಿದೆ ಎಂದಿಟ್ಟುಕೊಳ್ಳಿ. ಮೀಟರ್ ತಿರುಗಿಸಿದ್ದಕ್ಕೆ ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ. ಎಂ ಪರಿವಾಹನ್ ಆ್ಯಪ್‌ನಲ್ಲಿ ನೀವು ಎಷ್ಟನೆಯ ಮಾಲೀಕರು, ಸಾಲದ ಹೈಪಾಥಿಕೇಶನ್ (ಕಾರಿನ ಮೇಲೆ ಸಾಲ ಕೊಟ್ಟವರ ಹಕ್ಕು) ಉಳಿದಿದೆಯೇ ಎಂಬುದು ತಿಳಿಯುತ್ತದೆ.

ಬಳ್ಳಾರಿ ಸೀಮೆಯಲ್ಲಿ ಇನ್ನೊಂದನ್ನು ನೋಡಬೇಕು. ಸಂಡೂರು, ತೋರಣಗಲ್ಲಿನ ಗಣಿ ಮತ್ತು ಕಾರ್ಖಾನೆಗಳಿಗೆ ಬಾಡಿಗೆಗೆ ಓಡಿದ ವಾಹನಗಳೂ ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾಗಿ ಮಾರಾಟಕ್ಕೆ ಬರುವುದುಂಟು. ಎಷ್ಟೇ ತೊಳೆದರೂ ಕಾರ್ಪೆಟ್ಟಿನ ಅಡಿಯಲ್ಲಿ, ಸ್ಟೆಪ್ನಿ ಇಡುವ ಗುಂಡಿಯ ಮೂಲೆಯಲ್ಲಿ, ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ಕಾಣುವ ಕೊನೆಯ ಗೇಣಿನಲ್ಲಿ ಅದಿರಿನ ಕೆಂಪು ದೂಳು ಉಳಿದುಕೊಂಡಿರುತ್ತದೆ. ದೂಳೇ ದೋಷವಲ್ಲ. ಆದರೆ ‘ಡಾಕ್ಟರ್ ಓಡಿಸಿದ ಗಾಡಿ, ಊರು ಬಿಟ್ಟು ಹೊರಗೆ ಹೋಗಿಲ್ಲ’ ಎಂದು ಸಂದೇಶ ಕಳುಹಿಸಿದ್ದರೆ (ಮಾರುವವರ ಮಾತು ನಂಬಿದರೆ ಈ ಭಾಗದಲ್ಲಿ ಕಾರುಗಳಿಗಿಂತ ಡಾಕ್ಟರುಗಳೇ ಹೆಚ್ಚಿರಬೇಕು) ಆ ಮಾತನ್ನೂ ಸಾರಿಗೆ ಇಲಾಖೆಯ ದಾಖಲೆಯನ್ನೂ ಅಕ್ಕಪಕ್ಕ ಇಟ್ಟರೆ ತಪ್ಪು ಮಾಹಿತಿ ಕೊಟ್ಟದ್ದು ಸ್ಪಷ್ಟವಾಗುತ್ತದೆ.

ಸರ್ವಿಸ್ ಸೆಂಟರಿನವರು ಕಾರು ಪಡೆಯುವಾಗ ಬರೆಯುವ ಜಾಬ್ ಕಾರ್ಡ್‌ನಲ್ಲಿ ನಿಮ್ಮ ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿ. ‘ಜನರಲ್ ಚೆಕಪ್’ ಎಂದು ಬರೆದರೆ ಸಹಿ ಹಾಕಬೇಡಿ. ಸ್ಕ್ಯಾನರ್ ತೋರಿಸಿದ ದೋಷದ ಕೋಡ್‌ಗಳ ಪ್ರತಿ, ದುರಸ್ತಿಯ ಅಂದಾಜು ವೆಚ್ಚ, ದೋಷದ ಕಾರಣ ಮತ್ತು ಅದು ಎಷ್ಟು ಹಳೆಯದಿರಬಹುದು ಎಂಬ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯಿರಿ. ದುರಸ್ತಿ ಅನಿವಾರ್ಯವಾದರೆ ಬಿಚ್ಚುವಾಗ ವಿಡಿಯೊ ಮಾಡಿಸಿ, ತೆಗೆದ ಬಿಡಿಭಾಗಗಳನ್ನು ಗುಜರಿಗೆ ಬಿಡದೆ ಮನೆಗೆ ತನ್ನಿ. ಕಂಪನಿಯೇ ಆ ಮಾದರಿಯ ಕಾರುಗಳನ್ನು ದೋಷ ಸರಿಪಡಿಸಲು ಹಿಂದಕ್ಕೆ ಕರೆಸಿದೆಯೇ ಎಂಬುದನ್ನೂ ಚಾಸಿಸ್ ಸಂಖ್ಯೆ ಕೊಟ್ಟು ವಿಚಾರಿಸಿ.

ವಾರಂಟಿಯ ಕಾಗದ

ಜನ ‘ವಾರಂಟಿ ಇದೆ’ ಎನ್ನುವಾಗ ಮೂರು ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತಿರುತ್ತಾರೆ. ತಯಾರಕರ ಮೂಲ ವಾರಂಟಿ ಕಾರು ಮೊದಲ ಬಾರಿ ಮಾರಾಟವಾದ ದಿನದಿಂದ ಎಣಿಕೆಯಾಗುತ್ತದೆ, ಉಳಿದ ಅವಧಿ ಸಾಮಾನ್ಯವಾಗಿ ಕಾರಿನೊಂದಿಗೇ ಬರುತ್ತದೆ. ಹಣ ಕೊಟ್ಟು ಪಡೆದ ವಿಸ್ತರಿತ ವಾರಂಟಿಯನ್ನು ಹೊಸ ಮಾಲೀಕರ ಹೆಸರಿಗೆ ವರ್ಗಾಯಿಸಿಕೊಳ್ಳಬೇಕೆಂಬ ಷರತ್ತು ಇರಬಹುದು. ಮೂರನೆಯದು ಮಾರಿದವರೇ ಕೊಡುವ ವಾರಂಟಿ. ಇದು ಹೆಚ್ಚಾಗಿ ಇಂಜಿನ್ ಮತ್ತು ಗೇರ್‌ಬಾಕ್ಸಿಗೆ ಸೀಮಿತ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಟೈರ್, ಬ್ಯಾಟರಿಗಳನ್ನು ಸವೆಯುವ ಭಾಗಗಳೆಂದು ಹೊರಗಿಟ್ಟಿರುತ್ತಾರೆ. ಕೋರಿಕೆ ತಿರಸ್ಕರಿಸಿದರೆ ಯಾವ ಷರತ್ತಿನ ಪ್ರಕಾರ ಎಂದು ಲಿಖಿತವಾಗಿ ಕೇಳಿ.

ಬಾಯಿಮಾತಿನ ‘ಇಂಜಿನ್ ಗ್ಯಾರಂಟಿ’ ಮತ್ತು ಡೆಲಿವರಿ ನೋಟಿನಲ್ಲಿ ಅಚ್ಚಾಗಿರುವ ‘ಇದ್ದ ಸ್ಥಿತಿಯಲ್ಲೇ ಒಪ್ಪಿ ಪಡೆದಿದ್ದೇನೆ’ ಎಂಬ ಸಾಲು ಎದುರುಬದುರಾದಾಗ ಅಚ್ಚಾದ ಸಾಲಿನ ಕೈ ಮೇಲಾಗುತ್ತದೆ. ಆದರೂ ಅದು ಸುಳ್ಳು ಹೇಳಿ ಮಾರಿದ್ದಕ್ಕೆ ರಕ್ಷಣೆಯಲ್ಲ. ತಕರಾರು ಬೆಂಗಳೂರಿನಲ್ಲೇ ತೀರ್ಮಾನವಾಗಬೇಕು, ಮಧ್ಯಸ್ಥಿಕೆದಾರರ ಮುಂದೆಯೇ ಹೋಗಬೇಕು ಎಂಬ ಷರತ್ತುಗಳಿಗೂ ಹೆದರಬೇಕಾಗಿಲ್ಲ. ಅಂಥ ಮಧ್ಯಸ್ಥಿಕೆಯ ಷರತ್ತು ಗ್ರಾಹಕ ದೂರಿಗೆ ಅಡ್ಡಿಯಲ್ಲ ಎಂಬುದು ಸುಪ್ರೀಂ ಕೋರ್ಟಿನಲ್ಲಿ 2018ರಲ್ಲೇ ಇತ್ಯರ್ಥವಾಗಿದೆ.

ನೋಟಿಸಿನಿಂದ ಆಯೋಗಕ್ಕೆ

ಮೊದಲು 15 ದಿನಗಳ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳುಹಿಸಿ. ದುರಸ್ತಿಯ ವೆಚ್ಚವೋ ಕಾರು ಹಿಂದಿರುಗಿಸಿ ಹಣ ವಾಪಸೋ, ನಿಮಗೆ ಬೇಕಾದದ್ದನ್ನು ಮೊತ್ತಸಹಿತ ಬರೆಯಿರಿ. ಮನಸ್ಸಿಗಾದ ನೋವಿಗೆಂದು ಕಾರಿನ ಬೆಲೆಗಿಂತ ದೊಡ್ಡ ಮೊತ್ತ ಕೇಳಿದರೆ ದೂರಿನ ತೂಕ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ರಾಜಿಗೆ ಬಂದರೆ ಒಪ್ಪಿದ್ದನ್ನು ಬರೆಸಿಕೊಳ್ಳಿ, ದುರಸ್ತಿಯಾದ ಕಾರನ್ನು ಕೆಲವು ದಿನ ಓಡಿಸಿ ನೋಡುವವರೆಗೆ ‘ಇನ್ನು ಯಾವ ಬಾಕಿಯೂ ಇಲ್ಲ’ ಎಂಬ ಪತ್ರಕ್ಕೆ ಸಹಿ ಹಾಕಬೇಡಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಬಹುದು. ಅದು ಆದೇಶ ನೀಡುವ ಸಂಸ್ಥೆಯಲ್ಲವಾದರೂ ದೊಡ್ಡ ಕಂಪನಿಗಳು ಅಲ್ಲಿಂದ ಬಂದ ದೂರಿಗೆ ಉತ್ತರಿಸುವುದುಂಟು. ಸ್ಥಳೀಯ ಅಂಗಡಿಯ ಮೇಲೆ ಅದರಿಂದ ಹೆಚ್ಚು ನಿರೀಕ್ಷಿಸಬೇಡಿ.

ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಆಯೋಗಗಳಿವೆ. ಕಾರು ಹೈದರಾಬಾದಿನಲ್ಲಿ ಕೊಂಡದ್ದಾದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗ ಸಾಕು. 5 ಲಕ್ಷದವರೆಗೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಜಾಲತಾಣದಲ್ಲೂ ಸಲ್ಲಿಸಬಹುದು. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಸ್ವಂತ ಹೊಟ್ಟೆಪಾಡಿಗೆ ತಾವೇ ಬಾಡಿಗೆ ಓಡಿಸುವವರು ಇದಕ್ಕೆ ಹೊರತು, ಆದರೆ ಅದನ್ನು ದೂರಿನಲ್ಲೇ ಸ್ಪಷ್ಟವಾಗಿ ಹೇಳಬೇಕು. ವಾಟ್ಸ್‌ಆ್ಯಪ್ ಸಂದೇಶಗಳ ಮುದ್ರಿತ ಪ್ರತಿಯೊಂದಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷಿಯಾಗಿ ಒಪ್ಪಿಸಲು ಬೇಕಾದದ್ದು) ಲಗತ್ತಿಸಿ.

ಎದುರುದಾರರಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ ಸಿಗುತ್ತದೆ. ಪರೀಕ್ಷೆಯ ಅಗತ್ಯವಿಲ್ಲದಿದ್ದರೆ ಮೂರು ತಿಂಗಳು, ಇದ್ದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದಕ್ಕೆ ಸಿದ್ಧರಾಗಿರಿ. ಈ ನಡುವೆ ಬ್ಯಾಂಕಿನ ಕಂತು ನಿಲ್ಲಿಸಬೇಡಿ. ಸಾಲದ ಕರಾರು ಬೇರೆ. ತಕರಾರಿದೆ ಎಂದು ಆರ್‌ಸಿ ವರ್ಗಾವಣೆಯನ್ನಾಗಲಿ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವುದನ್ನಾಗಲಿ ಮುಂದೂಡಬೇಡಿ. ವಿಮೆಗೆ ಅರ್ಜಿ ಕೊಡಲು ಇರುವುದು 14 ದಿನ.

ಆದೇಶ ನಿಮ್ಮ ಪರವಾಗಿ ಬಂದರೆ ಎದುರುದಾರರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು, ಆದರೆ ಆದೇಶದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯನ್ನೂ ಸಲ್ಲಿಸದೆ ಹಣವನ್ನೂ ಕೊಡದೆ ಕುಳಿತರೆ, ಆದೇಶದ ದೃಢೀಕೃತ ಪ್ರತಿಯೊಂದಿಗೆ ಅದೇ ಜಿಲ್ಲಾ ಆಯೋಗಕ್ಕೆ ಜಾರಿ ಅರ್ಜಿ ಹಾಕಬೇಕು. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡನ್ನೂ ವಿಧಿಸುವ ಅಧಿಕಾರ 72ನೇ ಕಲಮಿನಲ್ಲಿದೆ. ಜಾರಿ ಅರ್ಜಿಯಲ್ಲಿ ಆ ಕಲಮನ್ನೂ ಕೇಳಿಕೊಳ್ಳಿ.