ಹನ್ನೆರಡು ಎಣಿಸುವವರೆಗೆ

2018ರ ಆಗಸ್ಟ್ ಕೊನೆಯಲ್ಲಿ, ವಿಶೇಷ ಮಕ್ಕಳ ಶಾಲೆಯೊಂದರಲ್ಲಿ ಸ್ವಯಂಸೇವಕಿಯಾಗಿ ಹಾಡಿಸಲೆಂದು ಕಾಠ್ಮಂಡುವಿಗೆ ಹೊರಟಾಗ ನನ್ನ ಚೀಲದಲ್ಲಿ ಶ್ರುತಿಪೆಟ್ಟಿಗೆ, ಎರಡು ಜೊತೆ ತಾಳ, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಕೊಂಡ ಒಂದು ಸೇರಿನಷ್ಟು ಹಿತ್ತಾಳೆ ಗೆಜ್ಜೆ, ಆರು ವಾರದ ಪಾಠಗಳನ್ನು ದಿನಕ್ಕೊಂದರಂತೆ ಬರೆದಿಟ್ಟ ನೋಟ್‌ಬುಕ್ ಇದ್ದವು. ಕೊನೆಗೆ ಕೆಲಸಕ್ಕೆ ಬಂದದ್ದು ಗೆಜ್ಜೆಯೊಂದೇ.

ನಾನು ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುವವಳು. ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ ಗೆಳತಿಯೊಬ್ಬಳ ಕಾಟ ತಾಳಲಾರದೆ ನಾಲ್ಕು ವರ್ಷ ಪ್ರತಿ ಶನಿವಾರ ವಿಶೇಷ ಮಕ್ಕಳ ಶಾಲೆಯೊಂದರಲ್ಲಿ ಹಾಡಿಸಿದ್ದೆ. ಕಾಠ್ಮಂಡುವಿಗೆ ಅಂಟಿಕೊಂಡಿರುವ ಲಲಿತಪುರದ, ಎಂದರೆ ಜನರ ಬಾಯಲ್ಲಿ ಪಾಟನ್ ಆಗಿರುವ ಊರಿನ, ಹಗಲು ಶಾಲೆಯೊಂದನ್ನು ಗೊತ್ತುಮಾಡಿದವಳೂ ಅವಳೇ. ಅದಕ್ಕೂ ಮೊದಲು ಅಂತರ್ಜಾಲದಲ್ಲಿ ಹುಡುಕಿದ್ದೆ. ಸ್ವಯಂಸೇವಕರನ್ನು ಕಳುಹಿಸುವ ಒಂದೆರಡು ಏಜೆನ್ಸಿಗಳು ಸಿಕ್ಕಿದವು, ಅವು ನನ್ನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಶುಲ್ಕದ ಪಟ್ಟಿ ಕಳುಹಿಸಿದವು. ಪಾಟನ್ನಿನ ಶಾಲೆ ಹಾಗಲ್ಲ. ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಬೇಕು, ಮಗುವಿನ ಜೊತೆ ಒಬ್ಬಳೇ ಇರುವಂತಿಲ್ಲ, ಮುಖ ಕಾಣುವ ಫೋಟೊ ತೆಗೆಯುವಂತಿಲ್ಲ ಎಂದು ಬರೆದರು. ಎರಡು ವಾರ ಬರುತ್ತೇನೆ ಎಂದದ್ದಕ್ಕೆ, ಹಾಗಾದರೆ ಬರಬೇಡಿ ಎಂದರು. ಆಟಿಸಂ ಇರುವ ಕೆಲವು ಮಕ್ಕಳಿಗೆ ಹೊಸ ಮುಖ ಒಗ್ಗುವುದಕ್ಕೇ ಅಷ್ಟು ದಿನ ಬೇಕಂತೆ. ಆಗಲೇ ಆ ಶಾಲೆಯ ಮೇಲೆ ನಂಬಿಕೆ ಬಂತು.

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ. ಆದರೆ ಆಧಾರ್ ನಂಬಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಬೇಕು. ನಮ್ಮ ನೂರು ರೂಪಾಯಿಗೆ ಅಲ್ಲಿನ ನೂರ ಅರವತ್ತು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಕೈಗಡಿಯಾರ ತಿರುಗಿಸಲು ಮರೆತು ಮೊದಲ ದಿನವೇ ತಡವಾಗಿ ಹೋದೆ.

ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದರು, ಏಳರಿಂದ ಹದಿನಾಲ್ಕು ವರ್ಷದವರು. ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್, ಆಟಿಸಂ. ಕಿವಿ ಕೇಳಿಸದ ಹುಡುಗಿ ಒಬ್ಬಳು. ನಾನು ತಾಳವನ್ನು ಒಮ್ಮೆ ತಟ್ಟಿದ್ದೇ ತಡ, ಕಿಟಕಿಯ ಬಳಿಯಿದ್ದ ಇನ್ನೊಬ್ಬ ಹುಡುಗಿ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಸೇರಿದಳು. ಗಾಲಿಕುರ್ಚಿಯ ಹುಡುಗನ ಎರಡೂ ತೋಳುಗಳು ಬೆಚ್ಚಿ ಆಚೀಚೆ ಚಿಮ್ಮಿದವು. ತಾಳ ಆ ದಿನವೇ ಚೀಲ ಸೇರಿತು. ಶಬ್ದ ಮಾಡುವ ಮೊದಲು ಕೈಯನ್ನು ಮಕ್ಕಳ ಕಣ್ಣೆದುರು ಎತ್ತಿ ತೋರಿಸಬೇಕು, ಆಮೇಲೆ ಮೆಲ್ಲಗೆ ತಟ್ಟಬೇಕು. ನಾಲ್ಕು ವರ್ಷದ ಅನುಭವವಿದ್ದೂ ಇದು ನನಗೆ ಗೊತ್ತಿರಲಿಲ್ಲ ಎನ್ನಲು ನಾಚಿಕೆಯಾಗುತ್ತದೆ.

ಮರುದಿನ ಆದಿತಾಳ ಕೈಕೊಟ್ಟಿತು. ಎಂಟೆಣಿಕೆಯ ಹಾಡಿಗೆ ಒಂದು ಮಗುವೂ ಅಲ್ಲಾಡಲಿಲ್ಲ. ಮಕ್ಕಳಿಗೆ ಊಟ ಮಾಡಿಸುತ್ತಿದ್ದ ಸಹಾಯಕಿ, ಎಲ್ಲರೂ ದಿದಿ ಎನ್ನುತ್ತಿದ್ದವರು, ಮೂಲೆಯಲ್ಲಿ ತೂಗುಹಾಕಿದ್ದ ಮಾದಲ್ ಎಂಬ ನೇಪಾಳಿ ಮದ್ದಳೆಯನ್ನು ಇಳಿಸಿ ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಬಾರಿಸತೊಡಗಿದರು. ಮೃದಂಗಕ್ಕೆ ಬಲಗಡೆ ಮಾತ್ರ ಕರಣೆ, ಎಂದರೆ ಕಪ್ಪು ಲೇಪ. ಮಾದಲ್‌ಗೆ ಎರಡೂ ಮುಖಕ್ಕೆ ಕಪ್ಪು ಲೇಪ, ಧ್ವನಿ ದುಂಡಗೆ. ಅವರು ಹಿಡಿದದ್ದು ಝ್ಯಾವುರೆ ನಡೆ. ಕೇಳಿದರೆ ನಮ್ಮ ಮೂರೆಣಿಕೆಯ ತಿಶ್ರವೇ. ಗುಡ್ಡಗಾಡಿನ ಹಾಡು, ಕುಣಿತಗಳಲ್ಲೆಲ್ಲ ಇರುವ ಆ ತೂಗು ಮಕ್ಕಳಿಗೆ ಹುಟ್ಟಿನಿಂದ ಬಂದದ್ದು. ಐದಾರು ತಲೆಗಳು ತಾನಾಗಿ ಆಡಿದವು. ನಾನು ‘ತಕಿಟ ತಕಿಟ’ ಎಂದು ಸೇರಿಕೊಂಡೆ. ಆ ಜತಿಗೆ ಡೌನ್ ಸಿಂಡ್ರೋಮ್ ಇದ್ದ ಹುಡುಗ ಬಿದ್ದು ಬಿದ್ದು ನಕ್ಕ. ನೋಟ್‌ಬುಕ್ಕನ್ನು ಮತ್ತೆ ತೆರೆಯಲಿಲ್ಲ.

ಮೊದಲ ವಾರದ ಕೊನೆಗೆ ಇನ್ನೊಂದು ತಪ್ಪು ಮಾಡಿದೆ. ಎಲ್ಲರೂ ನೆಲ ಒದೆಯೋಣ ಎಂದು ಕಾಲು ಕುಟ್ಟಿಸಿದೆ. ಮರದ ನೆಲ ಗುಡುಗುಡು ಎನ್ನುತ್ತಲೇ ದಿದಿ ಎದ್ದು ನಿಂತು ಕೈ ಅಡ್ಡ ಹಿಡಿದರು. ದೊಡ್ಡ ಮಕ್ಕಳಿಬ್ಬರ ಮುಖ ಬಿಳುಚಿತ್ತು. 2015ರ ಏಪ್ರಿಲ್ 25ರ ಭೂಕಂಪ ಅವರಿಗೆ ನೆನಪಿತ್ತು. ಬೀದಿಯಲ್ಲಿ ಮರದ ದಿಮ್ಮಿಗಳನ್ನು ಆನಿಸಿಕೊಂಡು ನಿಂತ ಮನೆಗಳನ್ನು ದಿನವೂ ನೋಡುತ್ತಾ ಬರುತ್ತಿದ್ದ ನನಗೆ ಹೊಳೆಯಬೇಕಿತ್ತು. ಕಿವಿ ಕೇಳಿಸದ ಹುಡುಗಿಗೆ ಕಂಪನ ಬೇಕೇ ಬೇಕಲ್ಲ? ಮಾದಲ್‌ನ ಮರದ ಮೈಯನ್ನು ಅವಳ ಎದೆಗೆ ಒರಗಿಸಿ ಬಾರಿಸಿದೆವು. ನೆಲದ ತಂಟೆಗೆ ಹೋಗಲಿಲ್ಲ.

ಗೆಜ್ಜೆಗಳನ್ನು ಬೀದಿಯ ದರ್ಜಿಯಿಂದ ವೆಲ್ಕ್ರೋ ಪಟ್ಟಿಗೆ ಹೊಲಿಸಿದೆ. ಬೆರಳು ಮಡಚಲಾಗದ ಮಗು ಏನನ್ನೂ ಹಿಡಿಯಬೇಕಿಲ್ಲ. ಮಣಿಕಟ್ಟಿಗೋ ಪಾದಕ್ಕೋ ಕಟ್ಟಿದರೆ ಯಾವ ಅಂಗ ಆಡುತ್ತದೆಯೋ ಅದೇ ವಾದ್ಯ. ಒಂದು ಎಚ್ಚರಿಕೆ: ದಿನಾ ಬೆಳಿಗ್ಗೆ ಪ್ರತಿ ಗೆಜ್ಜೆಯನ್ನೂ ಎಳೆದು ನೋಡಬೇಕು. ಕಿತ್ತು ಬಂದದ್ದು ನೇರವಾಗಿ ಬಾಯಿಗೆ ಹೋಗುತ್ತದೆ.

ಗಾಲಿಕುರ್ಚಿಯ ಹುಡುಗನ ವಿಷಯದಲ್ಲಿ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಅವನ ಸರದಿ ಬಂದಾಗ ಅವನ ಕೈ ಹಿಡಿದು ಮಾದಲ್ ಮೇಲೆ ನಾನೇ ಬಡಿಸುತ್ತಿದ್ದೆ. ಒಂದು ದಿನ ದಿದಿ ನನ್ನ ಮೊಣಕೈ ಹಿಡಿದರು. ‘ಪರ್ಖನುಸ್ ನ, ಮಿಸ್.’ ಕಾಯಿರಿ. ಹಾಡು ನಿಲ್ಲಿಸಿ ಮನಸ್ಸಿನಲ್ಲೇ ಎಣಿಸಿದೆ. ನಾಲ್ಕಕ್ಕೆ ಅವನ ಕಣ್ಣು ಮಾದಲ್ ಕಡೆ ಹೊರಳಿತು. ಆರಕ್ಕೆ ತೋಳು ಎದ್ದಿತು, ಆದರೆ ಹಿಂದಕ್ಕೆ. ಬಾಯಿ ತೆರೆದುಕೊಂಡಿತು, ಕುತ್ತಿಗೆಯ ನರ ಬಿಗಿದಿತ್ತು. ಎಂಟಕ್ಕೆ ನನಗೆ ತಡೆಯಲಾಗದೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ. ಹನ್ನೆರಡಕ್ಕೆ ಅವನ ಮುಷ್ಟಿಯ ಬದಿ ಚರ್ಮಕ್ಕೆ ತಾಗಿತು. ತಟ್ ಎಂದು ಸಣ್ಣದೊಂದು ಸದ್ದು.

ಅಂದಿನಿಂದ ಅವನ ಏಟೇ ಸಮ, ಎಂದರೆ ತಾಳದ ಮೊದಲ ಪೆಟ್ಟು. ಅದು ಬೀಳುವವರೆಗೆ ಹನ್ನೊಂದು ಮಕ್ಕಳ ಹಾಡು ನಿಲ್ಲುತ್ತಿತ್ತು, ಬಿದ್ದೊಡನೆ ಎಲ್ಲರ ಗೆಜ್ಜೆಯೂ ಒಟ್ಟಿಗೆ. ಮೈಸೂರಿನಲ್ಲಿ ಶಿಷ್ಯರಿಗೆ ಕಾರ್ವೆ, ಎಂದರೆ ನಡುವಿನ ಬಿಡುವು, ನುಂಗಬೇಡಿ, ಬಿಡುವಿನಲ್ಲೂ ತಾಳ ನಡೆಯುತ್ತಿರುತ್ತದೆ ಎಂದು ಗದರುತ್ತಾ ಬಂದವಳು ಅವನ ಸರದಿಯಲ್ಲಿ ದಿನವೂ ತಾಳವನ್ನೇ ನಿಲ್ಲಿಸಿ ಕಾಯುತ್ತಿದ್ದೆ.

ಕೊನೆಯ ಎರಡು ವಾರ ತರಗತಿಯನ್ನು ದಿದಿಗೇ ಬಿಟ್ಟು ನಾನು ಹಿಂದೆ ಕುಳಿತೆ. ನಾನು ಹೋದ ಮೇಲೂ ನಡೆಯಬೇಕಾದರೆ ಅದೊಂದೇ ದಾರಿ. ಅವರು ನನಗಿಂತ ಕಡಿಮೆ ಮಾತಾಡುತ್ತಿದ್ದರು, ಹೆಚ್ಚು ಕಾಯುತ್ತಿದ್ದರು. ಅಕ್ಟೋಬರ್ ಮೊದಲ ವಾರ, ದಸೈಂ ಹಬ್ಬದ ಗಡಿಬಿಡಿ ಶುರುವಾಗುವ ಹೊತ್ತಿಗೆ, ನಮ್ಮ ದಸರೆಗೆ ಮನೆ ಸೇರಿಕೊಂಡೆ.

ಹಬ್ಬ ಕಳೆದ ಮೇಲೆ ದಿದಿ ವಾಟ್ಸ್ಆ್ಯಪ್‌ನಲ್ಲಿ ಧ್ವನಿಮುದ್ರಣವೊಂದನ್ನು ಕಳುಹಿಸಿದರು. ಒಬ್ಬೊಬ್ಬ ಮಗುವಿನ ಹೆಸರು ಸೇರಿಸಿ ಮೋಹನ ರಾಗದಲ್ಲಿ ನಾನು ಕಟ್ಟಿದ್ದ ಸ್ವಾಗತದ ಹಾಡನ್ನು ಕೈಬಿಟ್ಟು ತಮ್ಮದೇ ಧಾಟಿ ಹಾಕಿದ್ದರು. ಸ್ವಲ್ಪ ಚುಚ್ಚಿತು. ನಡುವೆ ಎಲ್ಲ ನಿಶ್ಶಬ್ದವಾಗಿ, ಮುದ್ರಣ ಕೆಟ್ಟಿದೆ ಎಂದುಕೊಂಡೆ. ಆಮೇಲೆ ತಟ್ ಎಂದಿತು, ಗೆಜ್ಜೆಗಳು ಸುರಿದವು. ಕೆಳಗೆ ಹಿಂದಿಯಲ್ಲಿ ಒಂದು ಸಾಲು: ವೆಲ್ಕ್ರೋ ಸವೆದಿದೆ, ಈ ಕಡೆ ಬರುವವರಿದ್ದರೆ ಎರಡು ಮೀಟರ್ ಕಳುಹಿಸಿ.