ಅಂಬಲಿ ಗೊತ್ತಿದ್ದರೆ ಹಾಟ್ ಚಾಕಲೇಟ್ ಗೊತ್ತಿದ್ದಂಗೇ

ಡಿಸೆಂಬರ್ ರಜೆಗೆ ಮಗಳು ಹಾಸ್ಟೆಲಿಂದ ದಾವಣಗೆರೆಗೆ ಬಂದಳು. ಬಂದವಳೇ ಹಾಟ್ ಚಾಕಲೇಟ್ ಬೇಕು ಅಂದಳು. ಅದೇನು ಮಹಾ ಅಂತ ಕುದಿಯೋ ಹಾಲಿಗೆ ಮೂರು ಚಮಚ ಕೋಕೋ ಪುಡಿ ಸುರಿದೆ. ಗೋಲಿ ಗಾತ್ರದ ಗಂಟುಗಳು ಮೇಲೆ ತೇಲಿದವು. ಒಂದನ್ನ ಚಮಚದಿಂದ ಒತ್ತಿ ಒಡೆದರೆ ಒಳಗೆ ಪುಡಿ ಹಂಗೇ ಒಣಗಿಕೊಂಡು ಕೂತಿತ್ತು. ನಮ್ಮಮ್ಮ ಇಣುಕಿ ನೋಡಿ, "ಅಂಬಲಿಗೂ ಹಿಟ್ಟು ಹಿಂಗೇ ಸುರೀತೀಯೇನೇ?" ಅಂದರು.

ಅಷ್ಟೇ ವಿಷಯ. ಕೋಕೋ ಪುಡಿಯಲ್ಲಿ ಕೊಬ್ಬೂ ಇದೆ, ಪಿಷ್ಟವೂ ಇದೆ. ಬಿಸಿ ತಾಗಿದ ಕೂಡಲೇ ಮೇಲ್ಪದರ ಅಂಟಾಗಿ ಒಳಕ್ಕೆ ಹಾಲು ಇಳಿಯೋಕೆ ಬಿಡಲ್ಲ. ಅದಕ್ಕೇ ಈಗ ಪಾತ್ರೆಗೆ ಮೊದಲು ಬೀಳೋದು ಪುಡಿ: ಮೂರು ಚಮಚ ಕೋಕೋ, ಮೂರು ಚಮಚ ಸಕ್ಕರೆ, ಚಿಟಿಕೆ ಉಪ್ಪು. ಒಣಗಿದ್ದಾಗಲೇ ಚೆನ್ನಾಗಿ ಕಲಸಿ. ಸಕ್ಕರೆ ಹರಳು ಪುಡಿಯ ನಡುವೆ ಸೇರಿಕೊಂಡರೆ ಗಂಟು ಕಟ್ಟಲ್ಲ. ಆಮೇಲೆ ನಾಲ್ಕೈದು ಚಮಚ ಹಾಲು ಹಾಕಿ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ, ಹೊಳಪು ಬರೋವರೆಗೂ ತಿರುವಿ. ಇಲ್ಲಿ ಅವಸರ ಮಾಡಬೇಡಿ.

ಈಗ ಒಲೆ ಹಚ್ಚಿ, ಉರಿ ಸಣ್ಣಗಿರಲಿ. ಅರ್ಧ ಲೀಟರ್ ಪ್ಯಾಕೆಟ್ ಹಾಲಲ್ಲಿ ಉಳಿದದ್ದನ್ನ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ತಿರುಗಿಸಿ. ನಂದಿನಿ ನೀಲಿ ಪ್ಯಾಕೆಟ್‌ನಲ್ಲಿ ಕೊಬ್ಬು 3 ಪರ್ಸೆಂಟ್, ಸಾಕಾಗುತ್ತೆ. ಬೆಣ್ಣೆ ದೋಸೆ ಊರೋರಿಗೆ ನಾನು ಹೇಳಬೇಕಾ, ಗಟ್ಟಿ ಹಾಲಾದರೆ ಇನ್ನೂ ರುಚಿ. ಅಂಚಲ್ಲಿ ಗುಳ್ಳೆ ಎದ್ದಾಗ ಒಲೆ ಆರಿಸಿ, 40 ಗ್ರಾಂ ಡಾರ್ಕ್ ಚಾಕಲೇಟ್ ಚೂರು ಮಾಡಿ ಹಾಕಿ. ಹಾಲಿನ ಬಿಸಿಗೇ ಅದು ಕರಗುತ್ತೆ. ಮೂರು ಲೋಟ ಆಗುತ್ತೆ.

ಚಾಕಲೇಟ್ ತರುವಾಗ ಹಿಂದಿನ ಚೀಟಿ ಓದಿ. ಕೋಕೋ ಬಟರ್ ಬದಲು ವನಸ್ಪತಿ ಕೊಬ್ಬು ಅಂತಿದ್ದರೆ ಅದು ಕಾಂಪೌಂಡ್ ಚಾಕಲೇಟ್, ಅಸಲಿ ಅಲ್ಲ. ನಾನೊಂದು ಸಲ ತಂದು ಲೋಟದ ತುಂಬ ಎಣ್ಣೆ ಪಸೆ ನೋಡಿದ್ದೀನಿ. 'ಡ್ರಿಂಕಿಂಗ್ ಚಾಕಲೇಟ್' ಡಬ್ಬಿಯಲ್ಲೂ ಅಷ್ಟೇ. ಯಾವುದು ಜಾಸ್ತಿಯೋ ಅದನ್ನೇ ಮೊದಲು ಬರೀಬೇಕು ಅನ್ನೋದು ನಿಯಮ, ಅಲ್ಲಿ ಸಾಮಾನ್ಯವಾಗಿ ಮೊದಲು ಕಾಣೋದು ಸಕ್ಕರೆ. ಕೋಕೋ ನಮಗೇನು ದೂರದ್ದಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟದ ನೆರಳಲ್ಲೇ ಬೆಳೆಯುತ್ತೆ, ಪುತ್ತೂರಲ್ಲಿ ಕ್ಯಾಂಪ್ಕೋದವರ ಚಾಕಲೇಟ್ ಕಾರ್ಖಾನೆಯೇ ಇದೆ.

ಏಲಕ್ಕಿ ಹಾಕ್ತೀರಾ? ನಾನು ಹಾಕಲ್ಲ, ಪಾಯಸ ಆಗಿಬಿಡುತ್ತೆ. ಜೊತೆಗೆ ಬಿಸ್ಕತ್ತಿಗಿಂತ ಖಾರ ಮಂಡಕ್ಕಿಯೇ ವಾಸಿ: ಒಂದು ಮುಷ್ಟಿ ಮಂಡಕ್ಕಿ, ಒಂದು ಗುಟುಕು ಚಾಕಲೇಟ್. ಮಗಳು ಮೊದಲು ಮುಖ ಕಿವಿಚಿದಳು, ಆಮೇಲೆ ಬುಟ್ಟಿ ತನ್ನ ಕಡೆ ಎಳಕೊಂಡಳು.

ಉಳಿದರೆ ಫ್ರಿಜ್‌ನಲ್ಲಿಡಿ. ಬೆಳಗ್ಗೆ ಗಟ್ಟಿಯಾಗಿರುತ್ತೆ, ಎರಡು ಚಮಚ ಹಾಲು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ನಮ್ಮನೇಲಿ ಅಷ್ಟೊತ್ತಿಗೆ ಅಮ್ಮ ಅದನ್ನ ತಣ್ಣಗೇ ಚಮಚದಲ್ಲಿ ತಿಂದು ಮುಗಿಸಿರ್ತಾರೆ.